ಪೆಟ್ರೋಲ್ ಉಳಿಸಲು ಅಲಾಯ್ ಹಾಕಿಸಿದೆ, ಈಗ ಮತ್ತೆ ಸ್ಟೀಲ್ ರಿಮ್

ಮೊದಲೇ ಹೇಳಿಬಿಡುತ್ತೇನೆ, ನಾನೀಗ ಸ್ಟೀಲ್ ರಿಮ್ ಕಡೆಯವನು. ಕಾರಿಗೆ ಅಲಾಯ್, ಅಂದರೆ ಅಲ್ಯೂಮಿನಿಯಂ ಮಿಶ್ರಲೋಹದ ವೀಲ್, ಹಾಕಿಸಿ, ಓಡಿಸಿ, ಬಿಚ್ಚಿಸಿದ ಮೇಲೆ ಈ ಮಾತು.

ಹಾಕಿಸುವಾಗ ಎರಡನ್ನೂ ತಕ್ಕಡಿಗಿಟ್ಟೆ. ಅದೇ ಸೈಜಿನ ಅಲಾಯ್ ಒಂದಕ್ಕೆ ಒಂದೂವರೆ ಕೆಜಿ ಹಗುರ, ನಾಲ್ಕಕ್ಕೆ 6 ಕೆಜಿ. ತಿರುಗುವ ಭಾರ ವೇಗ ಹಿಡಿಯುವಾಗ ಜಾಸ್ತಿ ಎಳೆಯುತ್ತದೆ, ನಿಜ. ಆದರೂ ಹೆಚ್ಚೆಂದರೆ ಎರಡರಷ್ಟು, ಅಂದರೆ 12 ಕೆಜಿ ಲೆಕ್ಕ. ಸಾವಿರ ಕೆಜಿ ಗಾಡಿಗೆ ಅದು ಯಾವ ಮೂಲೆಗೆ? ಡಿಕ್ಕಿಯಲ್ಲಿ ಸುಮ್ನೆ ಬಿದ್ದಿರುವ ಸಾಮಾನು ಇಳಿಸಿದ್ದರೂ ಸಾಕಿತ್ತು. ಒಂದೇ ವೇಗದಲ್ಲಿ ಹೋಗುವಾಗಂತೂ ಪೆಟ್ರೋಲ್ ಕುಡಿಯುವುದು ಎದುರಿನ ಗಾಳಿ ಮತ್ತು ಟೈರಿನ ಉರುಳಾಟ, ರಿಮ್ಮಿನ ತೂಕ ಅಲ್ಲ. ಟ್ಯಾಂಕ್ ಫುಲ್ ಮಾಡಿಸಿ ಮತ್ತೆ ಫುಲ್ ಮಾಡಿಸಿ ಅಳೆದೆ. ಸ್ಟೀಲ್ ಇದ್ದಾಗಲೂ ಒಂದು ಟ್ಯಾಂಕಿಗೂ ಇನ್ನೊಂದಕ್ಕೂ ಇರುತ್ತಿದ್ದ ವ್ಯತ್ಯಾಸ ಅಷ್ಟೇ, ಅದಕ್ಕಿಂತ ಒಂದು ಹನಿ ಜಾಸ್ತಿ ಇಲ್ಲ.

ಇದನ್ನಾದರೂ ಸಹಿಸಬಹುದಿತ್ತು. ತಲೆ ಕೆಡಿಸಿದ್ದು ನಡುಕ. ಗಾಡಿ 80 ದಾಟಿದರೆ ಸ್ಟೀರಿಂಗ್ ಹಿಡಿದ ಬೆರಳು ಜುಮ್ ಅನ್ನುತ್ತಿತ್ತು, 100ರ ಹತ್ತಿರ ಬಾಟಲಿಯ ನೀರೂ ಕುಣಿಯುತ್ತಿತ್ತು. ಎರಡು ಸಲ ಬ್ಯಾಲೆನ್ಸಿಂಗ್, ಒಂದು ಸಲ ಅಲೈನ್‌ಮೆಂಟ್. ಅಂಗಡಿಯವರು ರಸ್ತೆ ಸರಿ ಇಲ್ಲ ಅಂದರು, ಆಮೇಲೆ ಟೈರ್ ಸರಿ ಇಲ್ಲ ಅಂದರು. ಕೊನೆಗೆ ಹಳೇ ಮೆಕ್ಯಾನಿಕ್ ಒಬ್ಬರು ಜಾಕ್ ಏರಿಸಿ, ನಟ್ ಹಾಕದೆ ವೀಲನ್ನು ಹಬ್ (ವೀಲ್ ಕೂರುವ ನಡುವಿನ ಭಾಗ) ಮೇಲಿಟ್ಟು ಅಲ್ಲಾಡಿಸಿದರು. ಟಕ್ ಟಕ್. "ನೋಡಿ ಸರ್, ನಡುವಿನ ತೂತೇ ದೊಡ್ಡದು. ವೀಲ್ ಮಧ್ಯಕ್ಕೆ ಕೂರ್ತಾನೇ ಇಲ್ಲ." ಆ ಸಂದಿಗೆ ಹಾಕುವ ಪ್ಲಾಸ್ಟಿಕ್ ರಿಂಗ್ ಸಿಗುತ್ತದೆ. ಅದು ಬೇಕು ಅಂತ ಮಾರಿದವರು ಬಾಯಿ ಬಿಟ್ಟಿರಲಿಲ್ಲ! ರಿಂಗ್ ಕೂರಿಸಿದ ಮೇಲೆ ನಡುಕ ನಿಂತಿತು, ಆದರೆ ಅಷ್ಟರಲ್ಲಿ ನನ್ನ ಆಸೆಯೂ ನಿಂತಿತ್ತು.

ಗುಂಡಿಗೆ ಬಿದ್ದರೆ ಸ್ಟೀಲ್ ಬಗ್ಗುತ್ತದೆ, ತಟ್ಟಿ ಸರಿ ಮಾಡಬಹುದು. ಅಲಾಯ್ ಬಿರುಕು ಬಿಟ್ಟರೆ ಹೋಯಿತು. ನೋಟಕ್ಕೆ ಅಲಾಯೇ ಚೆಂದ, ತಕರಾರಿಲ್ಲ. ದೊಡ್ಡ ಸೈಜ್ ಹಾಕಿಸುವವರಿಗೆ ಒಂದು ಮಾತು: ಅದು ಹಗುರ ಆಗುವ ಬದಲು ಭಾರವೇ ಆಗಬಹುದು.

ನಾನು ಓಡಿಸುವುದು ಹೆಚ್ಚಾಗಿ ಹೈವೇಯಲ್ಲಿ, ಒಂದೇ ವೇಗದಲ್ಲಿ. ಕೈಯಲ್ಲಿ ದುಡ್ಡೂ ಲೆಕ್ಕದ್ದು. ಅದಕ್ಕೇ ಈಗ ಸ್ಟೀಲ್ ರಿಮ್, ಸಲೀಸಾಗಿ ಉರುಳುವ ಟೈರ್, ಮತ್ತೆ ಬೆಳಿಗ್ಗೆ ಟೈರ್ ತಣ್ಣಗಿದ್ದಾಗ ಗಾಳಿ ಚೆಕ್. ನಾಲ್ಕೂ ಟೈರಲ್ಲಿ ಗಾಳಿಯ ಒತ್ತಡ 5 ಪಿಎಸ್‌ಐ ಕಡಿಮೆ ಇದ್ದರೆ ಮೈಲೇಜ್ ಹೆಚ್ಚುಕಡಿಮೆ ಶೇಕಡಾ 1 ಇಳಿಯುತ್ತದೆ. ಅಲಾಯ್ ನನಗೆ ಅಷ್ಟೂ ಕೊಡಲಿಲ್ಲ. ನಾಲ್ಕನ್ನೂ ಗೋಣಿಚೀಲ ಸುತ್ತಿ ಇಟ್ಟಿದ್ದೇನೆ, ಯಾರಾದರೂ ಕೇಳಿದರೆ ರಿಂಗ್ ಸಮೇತ ಕೊಟ್ಟುಬಿಡುತ್ತೇನೆ.