ಸೋಯಾ ಹಾಲಿನ ಲೀಟರ್ ಪ್ಯಾಕ್: ವೀಗನ್ ಮಕ್ಕಳಿರುವ ಮನೆಗೆ ಎಷ್ಟು ಉಪಯೋಗ?

ವೀಗನ್ ಎಂದರೆ ಮಾಂಸ, ಮೊಟ್ಟೆಯಷ್ಟೇ ಅಲ್ಲ, ಹಾಲು, ಮೊಸರು, ತುಪ್ಪವನ್ನೂ ತಿನ್ನದವರು. ದಾವಣಗೆರೆಯ ವಿದ್ಯಾನಗರ, ಎಂಸಿಸಿ ಬಿ ಬ್ಲಾಕ್ ಕಡೆಯ ಸೂಪರ್ ಮಾರ್ಕೆಟ್‌ಗಳಲ್ಲಿ ಹುಡುಕಿದರೆ ಸೋಯಾ ಹಾಲಿನ ಒಂದು ಲೀಟರ್ ಟೆಟ್ರಾ ಪ್ಯಾಕ್ ಸಿಗುತ್ತದೆ. ಪ್ಯಾಕಿನ ಮೇಲೆ 'ಹಾಲು' ಎಂಬ ಪದ ಕಾಣದಿದ್ದರೆ ಗಾಬರಿ ಬೇಡ. ಸಸ್ಯಮೂಲದ ಪಾನೀಯಗಳಿಗೆ ಹಾಲಿನ ಹೆಸರು ಹಾಕಬಾರದೆಂದು ಕೇಂದ್ರದ ಆಹಾರ ಸುರಕ್ಷತಾ ಪ್ರಾಧಿಕಾರವಾದ ಎಫ್‌ಎಸ್‌ಎಸ್‌ಎಐ 2021ರಲ್ಲಿ ಕಟ್ಟುನಿಟ್ಟು ಮಾಡಿದ ಮೇಲೆ ಅದು 'ಸೋಯಾ ಡ್ರಿಂಕ್' ಅಥವಾ 'ಸೋಯಾ ಬೆವರೇಜ್' ಆಗಿದೆ. ಬೆಲೆ ಡೈರಿ ಹಾಲಿನ ಎರಡು ಪಟ್ಟಿಗಿಂತ ಹೆಚ್ಚು. ಅಷ್ಟು ಕೊಟ್ಟು ತರುವುದು ಲಾಭವೋ ನಷ್ಟವೋ ಎಂಬುದು ಯಾವ ಪ್ಯಾಕ್ ತರುತ್ತೀರಿ, ತಂದ ಮೇಲೆ ಹೇಗೆ ಬಳಸುತ್ತೀರಿ ಎನ್ನುವುದರ ಮೇಲೆ ನಿಂತಿದೆ.

"ಹಾಲು ಮೊಸರಿಲ್ದ ಕೂಸು ಹೆಂಗ ಬೆಳೀತೈತಿ?" ಎಂದು ಅಜ್ಜಿ, ದೊಡ್ಡವ್ವ, ಸೋದರತ್ತೆ ಎಲ್ಲರೂ ಕೇಳುತ್ತಾರೆ. ಬೆಣ್ಣೆ ದೋಸೆಯ ಊರಲ್ಲಿ ಕೇಳದಿದ್ದರೇ ಆಶ್ಚರ್ಯ. ಅದನ್ನು ಕೊಂಕು ಮಾತೆಂದು ತಳ್ಳಿಹಾಕುವಂತಿಲ್ಲ. ಹಾಲು ಬಿಟ್ಟ ಮಗುವಿಗೆ ಪ್ರೋಟೀನ್, ಕ್ಯಾಲ್ಸಿಯಂ, ವಿಟಮಿನ್ ಬಿ12 ಮೂರೂ ಬೇರೆ ದಾರಿಯಲ್ಲಿ ಬರಲೇಬೇಕು. ಸರಿಯಾದ ಸೋಯಾ ಪ್ಯಾಕ್ ಮೊದಲ ಎರಡಕ್ಕೆ ಒಳ್ಳೆಯ ಉತ್ತರ. ಮೂರನೆಯದಕ್ಕೆ ಅದೊಂದನ್ನೇ ನಂಬಬಾರದು.

ಕೊಳ್ಳುವಾಗ ಮುಂದಿನ ಚಿತ್ರ ಬಿಟ್ಟು ಹಿಂದಿನ ಕೋಷ್ಟಕ ಓದಿ. 100 ಮಿ.ಲೀ.ಗೆ ಪ್ರೋಟೀನ್ 3 ಗ್ರಾಂ ಆಸುಪಾಸು, ಕ್ಯಾಲ್ಸಿಯಂ 120 ಮಿ.ಗ್ರಾಂ ಇದ್ದರೆ ಅದು ಹಸುವಿನ ಹಾಲಿಗೆ ಹೆಚ್ಚುಕಡಿಮೆ ಸಮ. ಕ್ಯಾಲ್ಸಿಯಂ ಸೇರಿಸದ ಸೋಯಾ ಹಾಲಿನಲ್ಲಿ ಇರುವುದು ಅದರ ಕಾಲು ಭಾಗದಷ್ಟೇ. ಪದಾರ್ಥಗಳ ಪಟ್ಟಿಯಲ್ಲಿ ಟ್ರೈಕ್ಯಾಲ್ಸಿಯಂ ಫಾಸ್ಫೇಟ್ ಅಥವಾ ಕ್ಯಾಲ್ಸಿಯಂ ಕಾರ್ಬೊನೇಟ್ ಎಂದಿದೆಯೇ ನೋಡಿ. ಆಮೇಲೆ ಸಕ್ಕರೆ. ಚಾಕೊಲೇಟ್, ಬಾದಾಮಿ ಫ್ಲೇವರಿನ ಸಣ್ಣ ಪ್ಯಾಕ್‌ಗಳಲ್ಲಿ 100 ಮಿ.ಲೀ.ಗೆ 7-8 ಗ್ರಾಂ ಸಕ್ಕರೆ ಇರುವುದುಂಟು. ಒಂದು ಲೋಟಕ್ಕೆ ಮೂರೂವರೆ ಚಮಚ ದಾಟಿತು. ದಿನನಿತ್ಯಕ್ಕೆ 'ಅನ್‌ಸ್ವೀಟನ್ಡ್' ಎಂದಿರುವುದನ್ನೇ ತನ್ನಿ. ಹಸಿರು ಚುಕ್ಕೆ ನೋಡಿ ವೀಗನ್ ಎಂದುಕೊಳ್ಳಬೇಡಿ, ಹಾಲಿನ ಪುಡಿ ಬೆರೆಸಿದ್ದಕ್ಕೂ ಹಸಿರು ಚುಕ್ಕೆಯೇ. 2022ರ ವೀಗನ್ ನಿಯಮದ ನಂತರ 'ವಿ' ಅಕ್ಷರದ ಪ್ರತ್ಯೇಕ ಹಸಿರು ಗುರುತು ಬಂದಿದೆ. ಬಾದಾಮಿ ಹಾಲನ್ನು ಸೋಯಾಕ್ಕೆ ಬದಲಿ ಎಂದು ಕೊಡುವುದು ದೊಡ್ಡ ತಪ್ಪು. ಅದರಲ್ಲಿ ಬಹುಪಾಲು ನೀರು, ಪ್ರೋಟೀನ್ 100 ಮಿ.ಲೀ.ಗೆ ಅರ್ಧ ಗ್ರಾಂ ಸಿಕ್ಕರೆ ಹೆಚ್ಚು.

ಸೇರಿಸಿದ ಕ್ಯಾಲ್ಸಿಯಂ ಕರಗಿರುವುದಿಲ್ಲ, ಪ್ಯಾಕಿನ ತಳದಲ್ಲಿ ಕೂರುತ್ತದೆ. ಅಲುಗಾಡಿಸದೆ ಬಗ್ಗಿಸಿದರೆ ಮಗುವಿಗೆ ಸಿಗುವುದು ಮೇಲಿನ ತೆಳು ನೀರು. ಖಾಲಿಯಾದ ಪ್ಯಾಕನ್ನು ಕತ್ತರಿಸಿ ನೋಡಿ: ತಳದ ಮೂಲೆಗಳಲ್ಲಿ ಬಿಳಿ ಕೆಸರು ಅಂಟಿದ್ದರೆ ನೀವು ದುಡ್ಡು ಕೊಟ್ಟ ಕ್ಯಾಲ್ಸಿಯಂ ಅಲ್ಲೇ ಉಳಿದಿದೆ. ಪ್ರತಿ ಸಲ ಲೋಟಕ್ಕೆ ಹಾಕುವ ಮುಂಚೆ ಪ್ಯಾಕನ್ನು ಬುಡಮೇಲು ಮಾಡಿ ಚೆನ್ನಾಗಿ ಕುಲುಕಬೇಕು.

ಇನ್ನೊಂದು ದೂರು, ಒಡೆಯುವುದು. ಬೆಲ್ಲದ ಜೊತೆ ಕುದಿಸಿದರೂ ಡಿಕಾಕ್ಷನ್‌ಗೆ ಕುದಿ ಬಿಸಿಯಲ್ಲಿ ಸುರಿದರೂ ಸೋಯಾ ಒಡೆಯಬಹುದು. ಬೆಲ್ಲ, ಡಿಕಾಕ್ಷನ್‌ಗಳಲ್ಲಿರುವ ಹುಳಿ ಮತ್ತು ಶಾಖ ಸೇರಿದಾಗ ಸೋಯಾದ ಪ್ರೋಟೀನ್ ಗಟ್ಟಿಯಾಗುತ್ತದೆ. ರಾಗಿ ಗಂಜಿಗೆ ಸರಿಯಾದ ಕ್ರಮ ಹೀಗೆ: ಎರಡು ಚಮಚ ಮೊಳಕೆ ರಾಗಿ ಹಿಟ್ಟನ್ನು ತಣ್ಣೀರಲ್ಲಿ ಗಂಟಿಲ್ಲದಂತೆ ಕಲಸಿ, ಒಂದು ಲೋಟ ನೀರಲ್ಲಿ ಐದಾರು ನಿಮಿಷ ಕುದಿಸಿ. ಒಲೆ ಆರಿಸಿ ಬೆಲ್ಲ ಹಾಕಿ. ಉಗುರುಬೆಚ್ಚಗಾದ ಮೇಲೆ 150 ಮಿ.ಲೀ. ಸೋಯಾ ಬೆರೆಸಿ. ಸೋಯಾದಲ್ಲಿ ಕೊಬ್ಬು ಕಮ್ಮಿ, ಮಕ್ಕಳ ಹೊಟ್ಟೆ ಚಿಕ್ಕದು. ಹಾಗಾಗಿ ಒಂದು ಚಮಚ ನುಣ್ಣನೆಯ ಶೇಂಗಾ ಪುಡಿ ಸೇರಿಸಿದರೆ ಶಕ್ತಿಯ ಕೊರತೆ ತುಂಬುತ್ತದೆ.

ಒಂದು ದಿನದ ಲೆಕ್ಕ ಹಾಕೋಣ. 4ರಿಂದ 6 ವರ್ಷದ ಮಗುವಿಗೆ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ (ಐಸಿಎಂಆರ್) ಹೇಳುವ ಕ್ಯಾಲ್ಸಿಯಂ ದಿನಕ್ಕೆ 550 ಮಿ.ಗ್ರಾಂ. 200 ಮಿ.ಲೀ. ಸೋಯಾದಿಂದ 240, 50 ಗ್ರಾಂ ರಾಗಿ ಹಿಟ್ಟಿನಿಂದ ಸುಮಾರು 175, ಸಾರಿಗೆ ಹಾಕಿದ ಒಂದು ಹಿಡಿ ನುಗ್ಗೆಸೊಪ್ಪಿನಿಂದ 90ರಷ್ಟು. ಉಳಿದದ್ದನ್ನು ರೊಟ್ಟಿಗೆ ಹಚ್ಚುವ ಗುರೆಳ್ಳು ಚಟ್ನಿಪುಡಿ, ಬೇಳೆ, ಕಾಳುಪಲ್ಯ ತುಂಬುತ್ತವೆ. ಕರಿ ಎಳ್ಳಿನಲ್ಲಿ ಕ್ಯಾಲ್ಸಿಯಂ ಭರ್ತಿ ಇದೆ ಎಂಬ ಮಾತು ನಿಜವಾದರೂ ಸಿಪ್ಪೆಯಲ್ಲಿರುವ, ಕ್ಯಾಲ್ಸಿಯಂ ಹಿಡಿದಿಡುವ ಆಕ್ಸಲೇಟ್‌ನಿಂದಾಗಿ ಮೈಗೆ ಹತ್ತುವುದು ಕಮ್ಮಿ. ಅಗಸೆ ಚಟ್ನಿಪುಡಿಯೂ ತಟ್ಟೆಯಲ್ಲಿರಲಿ, ಒಮೆಗಾ-3 ಎಂಬ ಒಳ್ಳೆಯ ಕೊಬ್ಬು ಅದರಿಂದ ಬರುತ್ತದೆ. ಇಡೀ ಅಗಸೆ ಜೀರ್ಣವಾಗದೆ ಹಾಗೇ ಹೊರಗೆ ಹೋಗುತ್ತದೆ, ಪುಡಿಯೇ ಆಗಬೇಕು. ಇವೆಲ್ಲ ಮಂಡಿಪೇಟೆಯ ಕಿರಾಣಿಯಲ್ಲಿ ಸಿಗುವ ಸಾಮಾನು. ನಮ್ಮ ಸೀಮೆಯ ಅಡುಗೆಯಲ್ಲಿ ಅರ್ಧ ಕೆಲಸ ಆಗಲೇ ಮುಗಿದಿದೆ ಎಂದು ಅಜ್ಜಿಗೆ ತೋರಿಸಲು ಇದಕ್ಕಿಂತ ಒಳ್ಳೆಯ ದಾರಿ ಇಲ್ಲ.

ಮನೆಯಲ್ಲೇ ಮಾಡುವ ಸೋಯಾ ಹಾಲು ತೀರಾ ಅಗ್ಗ. 100 ಗ್ರಾಂ ಕಾಳು ಎಂಟು ಗಂಟೆ ನೆನೆಸಿ, ಸಿಪ್ಪೆ ಉಜ್ಜಿ ತೆಗೆದು, ಬಿಸಿ ನೀರಲ್ಲೇ ರುಬ್ಬಿ ಒಂದು ಲೀಟರ್‌ನಷ್ಟು ಮಾಡಿ ಸೋಸಿ. ತಣ್ಣೀರಲ್ಲಿ ರುಬ್ಬಿದರೆ ಹಸಿಕಾಳಿನ ವಾಸನೆ ಏಳುತ್ತದೆ, ಮಕ್ಕಳು ಮೂಗು ಮುರಿಯುತ್ತಾರೆ. ಕಾಯಿಸುವಾಗ ಕುದಿಗೆ ಮೊದಲೇ ನೊರೆ ಉಕ್ಕಿ ಮೋಸ ಮಾಡುತ್ತದೆ. ನಿಜವಾದ ಕುದಿ ಬಂದ ಮೇಲೆ 15ರಿಂದ 20 ನಿಮಿಷ ಕೈಯಾಡಿಸುತ್ತ ಕುದಿಸಬೇಕು, ಇಲ್ಲವಾದರೆ ಪ್ರೋಟೀನ್ ಜೀರ್ಣಕ್ಕೆ ಅಡ್ಡ ಬರುವ ಅಂಶ ಉಳಿದು ಹೊಟ್ಟೆನೋವು ಬರುತ್ತದೆ. ಪ್ರೋಟೀನ್‌ಗೆ ಇದು ಪ್ಯಾಕಿಗೇನೂ ಕಮ್ಮಿಯಿಲ್ಲ. ಕ್ಯಾಲ್ಸಿಯಂ ಮಾತ್ರ ಇದರಲ್ಲಿ ನೆಪಕ್ಕಷ್ಟೇ, ಆ ಕಾರಣಕ್ಕೇ ಪ್ಯಾಕ್ ಬೇಕಾಗುವುದು.

ಬಿ12 ವಿಷಯದಲ್ಲಿ ರಾಜಿ ಇಲ್ಲ. ಸರಿಯಾಗಿ ಯೋಜಿಸಿದ ವೀಗನ್ ಊಟ ಮಕ್ಕಳಿಗೂ ಆಗುತ್ತದೆ ಎಂದು 2016ರಲ್ಲಿ ಅಮೆರಿಕದ ಆಹಾರತಜ್ಞರ ಅಕಾಡೆಮಿ ಹೇಳಿತು; ಅದೇ ವರ್ಷ ಜರ್ಮನಿಯ ಪೌಷ್ಟಿಕಾಂಶ ಸಂಘ ಮಕ್ಕಳಿಗೆ ಶಿಫಾರಸು ಮಾಡುವುದಿಲ್ಲ ಎಂದಿತು. ಬಿ12 ಬೇರೆಯಾಗಿ ಕೊಡಲೇಬೇಕು ಎಂಬಲ್ಲಿ ಇಬ್ಬರದೂ ಒಂದೇ ಮಾತು. ದೋಸೆ ಹಿಟ್ಟು ಹುದುಗಿದರೆ ಬರುತ್ತದೆ, ಸ್ಪಿರುಲಿನಾ ಎಂಬ ಪಾಚಿಯ ಪುಡಿಯಲ್ಲಿದೆ ಎಂಬುದನ್ನೆಲ್ಲ ನೆಚ್ಚಿಕೊಳ್ಳಬೇಡಿ. ಸೊಪ್ಪು-ಕಾಳು ಹೆಚ್ಚು ತಿನ್ನುವ ಮಕ್ಕಳಲ್ಲಿ ಫೋಲೇಟ್ ಎಂಬ ವಿಟಮಿನ್ ಸಾಕಷ್ಟಿರುವುದರಿಂದ, ಬಿ12 ಕೊರತೆಯಿದ್ದರೂ ರಕ್ತಹೀನತೆ ಕಾಣಿಸದೆ ನರಗಳಿಗೆ ಪೆಟ್ಟು ಬೀಳಬಹುದು. ಹನಿಯೋ ಸಿರಪ್ಪೋ, ಎಷ್ಟು ಎಂಬುದನ್ನು ಮಕ್ಕಳ ವೈದ್ಯರಿಂದ ಬರೆಸಿಕೊಳ್ಳಿ. ವಿಟಮಿನ್ ಡಿ3 ಸಾಮಾನ್ಯವಾಗಿ ಕುರಿ ಉಣ್ಣೆಯ ಜಿಡ್ಡಿನಿಂದ ತಯಾರಾಗುತ್ತದೆ, ಬೇಡವೆಂದರೆ ಡಿ2 ಕೇಳಿ.

ಮನೆಯವರ ಜೊತೆ ವಾದಕ್ಕಿಳಿಯುವ ಬದಲು ಮಗುವಿನ ಎತ್ತರ-ತೂಕದ ಬೆಳವಣಿಗೆ ರೇಖೆ, ವೈದ್ಯರು ಬರೆದ ಹಿಮೋಗ್ಲೋಬಿನ್, ಫೆರಿಟಿನ್ (ಮೈಯಲ್ಲಿ ಕೂಡಿಟ್ಟ ಕಬ್ಬಿಣದ ಅಳತೆ), ಬಿ12 ವರದಿ ಮುಂದಿಡಿ. ರೇಖೆ ಕೆಳಗಿಳಿಯುತ್ತಿದ್ದರೆ ಅಜ್ಜಿಯ ಮಾತೇ ಸರಿ, ಊಟ ಬದಲಿಸಬೇಕು. ಸರ್ಕಾರಿ ಶಾಲೆಗೆ ಹೋಗುವ ಮಗುವಾದರೆ ಕ್ಷೀರಭಾಗ್ಯದ ಹಾಲಿನ ಬಗ್ಗೆ ಶಿಕ್ಷಕರಿಗೆ ಮೊದಲೇ ತಿಳಿಸಿ. ಹೋಟೆಲಿನಲ್ಲಿ "ಬೆಣ್ಣೆ ಬ್ಯಾಡ, ಎಣ್ಣಿ ಹಾಕ್ರಿ" ಎಂದರೆ ಎಣ್ಣೆ ಹಾಕಿ ಕೊಡುವವರಿದ್ದಾರೆ, ಕಾವಲಿ ಮಾತ್ರ ಅದೇ ಇರುತ್ತದೆ. ನರ್ಗಿಸ್ ಮಂಡಕ್ಕಿ, ಮಿರ್ಚಿಗೆ ಆ ತೊಂದರೆಯೂ ಇಲ್ಲ.

ವರ್ಷ ತುಂಬದ ಕೂಸಿಗೆ ಈ ಪ್ಯಾಕ್ ಎದೆಹಾಲಿನ ಜಾಗದಲ್ಲಿ ಖಂಡಿತ ಕೊಡಬಾರದು. ಎದೆಹಾಲು ಸಾಲದಿದ್ದರೆ ವೈದ್ಯರು ಹೇಳುವ ಸೋಯಾ ಶಿಶು ಫಾರ್ಮುಲಾ ಬೇರೆಯೇ ಇದೆ. ಸೋಯಾ ಅಲರ್ಜಿ ಇರುವ ಮಕ್ಕಳಿಗೂ ಇದು ಬೇಡ. ತೆರೆದ ಪ್ಯಾಕ್ ಫ್ರಿಜ್ಜಿನಲ್ಲಿ ಮೂರ್ನಾಲ್ಕು ದಿನ ಬರುತ್ತದೆ. ಏಪ್ರಿಲ್-ಮೇ ಬಿಸಿಲಲ್ಲಿ ಕರೆಂಟ್ ಹೋಗಿ ಫ್ರಿಜ್ ಬೆಚ್ಚಗಾದರೆ ಅಷ್ಟೂ ಬಾಳುವುದಿಲ್ಲ. ಹುಳಿ ವಾಸನೆ ಬಂದರೆ, ಪ್ಯಾಕ್ ಉಬ್ಬಿದ್ದರೆ ಚೆಲ್ಲಿಬಿಡಿ. ಒಂದೇ ಮಗುವಿರುವ ಮನೆಗೆ ಲೀಟರ್ ಬದಲು ಸಿಹಿಯಿಲ್ಲದ ಸಣ್ಣ ಪ್ಯಾಕ್ ಸಿಕ್ಕರೆ ಅದೇ ವಾಸಿ.