ಸಣ್ಣ ಟ್ರ್ಯಾಕ್ಟರಿಗೆ ಕ್ವಿಕ್ ಹಿಚ್: ಎರಡು ಅಕ್ಟೋಬರ್ ದ್ರಾಕ್ಷಿ ಛಾಟಣಿ ದಾಟಿದ ಮ್ಯಾಲಿನ ಅನುಭವ

ಮೊದಲ ಸೀದಾ ಹೇಳಿಬಿಡ್ತೀನಿ, ಕ್ವಿಕ್ ಹಿಚ್ (ಟ್ರ್ಯಾಕ್ಟರ್ ಹಿಂದ ಔಜಾರ ಲಗೂನ ಜೋಡ್ಸೋ ಬಿಚ್ಚೋ ಕಬ್ಬಿಣದ ಫ್ರೇಮ್) ಛಲೋ ಸಾಮಾನು, ಆದ್ರ ಅಂಗಡಿಯವ್ರು ಹೇಳೋಹಂಗ ತಂದು ಹಾಕಿ ಮರುದಿನದಿಂದ ಆರಾಮ ಅಂತ ಏನೂ ಇಲ್ಲ. ನಿಮ್ಮ ಹತ್ರ ಇರೋ ಒಂದೊಂದು ಔಜಾರಾನೂ ಅದರ ಅಳತಿಗೆ ತರಬೇಕು, ಆ ಕೆಲಸ ಮುಗಿಯೋ ಮಟ ಅದು ಬರೇ ಸುಮಾರು 30 ಕೆಜಿ ಕಬ್ಬಿಣ ಅಷ್ಟ.

ನಮ್ದು ಜತ್ತ ತಾಲೂಕಿನ ಪೂರ್ವ ಭಾಗ, ಕಾಗದದ ಮ್ಯಾಲ ಸಾಂಗ್ಲಿ ಜಿಲ್ಲಾ, ಖರೇ ಹೇಳಬೇಕಂದ್ರ ವಿಜಯಪುರನ ನಮಗ ಹತ್ರ. ದ್ರಾಕ್ಷಿ ಐತಿ, ಸ್ವಲ್ಪ ದಾಳಿಂಬ್ರಿ ಐತಿ, ಉಳದ ಹೊಲಕ್ಕ ಹಿಂಗಾರಿ ಬಿಳಿಜೋಳ. ಟ್ರ್ಯಾಕ್ಟರ್ 24 ಎಚ್‌ಪಿ, ಫೋರ್ ವೀಲ್, ಒಂಬತ್ತು ಫೂಟಿನ ಸಾಲಾಗ ಆರಾಮ ಹೋಗೋದು. ಹಿಂದ ಜೋಡ್ಸೋದು ನಾಲ್ಕು ಔಜಾರ, ಔಷಧ ಹೊಡಿಯೋ 400 ಲೀಟರಿನ ಬ್ಲೋವರ್, ಮಣ್ಣು ಹುಲ್ಲು ಕಡಿಯೋ ನಾಲ್ಕು ಫೂಟಿನ ರೋಟರ್ (ರೋಟಾವೇಟರ್), ಐದು ಫಣಿ ಕಲ್ಟಿವೇಟರ್, ಬೋದು ಹಾಕೋ ರಿಜರ್. ದೊಡ್ಡ ಟ್ರ್ಯಾಕ್ಟರ್ ಇದ್ದವ್ರಿಗೆ ಈ ತ್ರಾಸ ತಿಳಿಯೋದಿಲ್ಲ, ಅವ್ರು ಒಂದ್ಸಲ ರೋಟರ್ ಜೋಡಿಸಿದ್ರ ವಾರಗಟ್ಟಲೆ ಅದನ್ನ ಹೊಡೀತಿರ್ತಾರ. ದ್ರಾಕ್ಷಿ ಬಾಗ (ತೋಟ) ಇದ್ದವ್ರ ಕತಿ ಬ್ಯಾರೆ. ಅಕ್ಟೋಬರ್ ಛಾಟಣಿ (ಬಳ್ಳಿ ಕತ್ತರಿಸೋದು) ಆಗಿ ಚಿಗುರು ಬರೋ ಹೊತ್ತಿಗೆ ಹಿಂಗಾರಿ ಮಳಿ ಒಂದು ಹೊಡೀತಂದ್ರ ಡೌನಿ ರೋಗದ ಹೆದರಿಕಿ, ನಸುಕಿನ್ಯಾಗ ಔಷಧ ಹೊಡಿಬೇಕು, ಬಿಸಿಲ ಏರಿದ ಮ್ಯಾಲ ಹುಲ್ಲಿಗೆ ರೋಟರ್ ಹಾಕಬೇಕು, ಸಂಜಿಕ ಮತ್ತ ಬ್ಲೋವರ್ ಬೇಕು. ಒಂದ ದಿನದಾಗ ಬಿಚ್ಚೋದು ಜೋಡ್ಸೋದು ಇಷ್ಟು ಸಲ ಆದ್ರ ಮನಷ್ಯಾನ ಸೊಂಟ ಏನಾಗಬೇಕು.

ಹಿಚ್ ಇಲ್ದ ಜೋಡ್ಸೋದು ಗೊತ್ತ ಐತಲ್ಲ. ಹಿಂದ ತರೋದು, ಟ್ರ್ಯಾಕ್ಟರಿನ ಎಡಗಡೆ ಲಿಫ್ಟ್ ಆರ್ಮ್ ಔಜಾರದ ಪಿನ್ನಿಗೆ ಕೂಡ್ತೈತಿ, ಬಲಗಡೆದು ಒಂದಿಂಚು ಮುಂದ ಹೋಗಿರ್ತೈತಿ, ಇಳಿದು ಹಾರಿ ಹಾಕಿ ರೋಟರ್ ಮೀಟೋದು, ಅದು ಇನ್ನೂರು ಕೆಜಿ ಮ್ಯಾಲಿನ ಸಾಮಾನು ಎಲ್ಲಿ ಸರೀತೈತಿ, ಮತ್ತ ಹತ್ತಿ ಒಂದಿಂಚು ಹಿಂದ ತಗೋಳೋದು, ಅಷ್ಟರಾಗ ಎಡಗಡೆದು ಹೊರಗ ಬಂದಿರ್ತೈತಿ. ಆಳು ಇದ್ರ ಒಬ್ಬ ಟ್ರ್ಯಾಕ್ಟರ್ ಮ್ಯಾಲ, ಇನ್ನೊಬ್ಬ ಟ್ರ್ಯಾಕ್ಟರಿಗೂ ರೋಟರಿಗೂ ನಡುವ ನಿಂತು ತಗೋ ತಗೋ ಅಂತ ಒದರೋದು. ನನಗ ಇದರಾಗ ಹೆದರಿಕಿ ಇದ್ದದ್ದ ಇದು, ಲಿಫ್ಟಿನ ಲಿವರ್ ಮ್ಯಾಲ ಮತ್ತೊಬ್ಬನ ಕೈ ಇದ್ದಾಗ ಆ ನಡುವಿನ ಜಾಗದಾಗ ಯಾರೂ ನಿಲ್ಲಬಾರದು. ಹಿಚ್ ತಗೋಳಾಕ ದೊಡ್ಡ ಕಾರಣ ಟೈಮ್ ಉಳಿಸೋದಕ್ಕಿಂತ ಇದ.

ಇನ್ನ ಇದು ಹೆಂಗ ಕೆಲಸ ಮಾಡ್ತೈತಿ ಅಂದ್ರ, ಬೋರಲು ಹಾಕಿದ ಯು ಆಕಾರದ ಗಟ್ಟಿ ಫ್ರೇಮ್, ಅದು ಟ್ರ್ಯಾಕ್ಟರಿನ ಎರಡು ಆರ್ಮ್ ಮತ್ತ ಟಾಪ್ ಲಿಂಕಿಗೆ (ನಡುವ ಮ್ಯಾಲಿರೋ ದಂಡಿಗಿ) ಕಾಯಂ ಕೂತಿರ್ತೈತಿ. ಫ್ರೇಮಿಗೆ ಮ್ಯಾಲೊಂದು ಕೊಕ್ಕಿ, ಕೆಳಗ ಎರಡು ಕೊಕ್ಕಿ, ಕೆಳಗಿನವಕ್ಕ ಸ್ಪ್ರಿಂಗ್ ಲಾಕ್ ಇರೋ ಲಿವರ್. ಫ್ರೇಮ್ ಸ್ವಲ್ಪ ಇಳಿಸಿ ಹಿಂದ ಹೋಗೋದು, ಮ್ಯಾಲಿನ ಕೊಕ್ಕಿ ಔಜಾರದ ಟಾಪ್ ಪಿನ್ನಿನ ಕೆಳಗ ಬಂತಂದ್ರ ಲಿಫ್ಟ್ ಎತ್ತೋದು, ಔಜಾರ ತನ್ನ ಭಾರಕ್ಕ ತಾನ ಜೋತು ಕೆಳಗಿನ ಎರಡು ಪಿನ್ನು ಕೊಕ್ಕ್ಯಾಗ ಬಂದು ಕೂಡ್ತಾವ, ಟಕ್ ಟಕ್ ಅಂತ ಎರಡು ಸಪ್ಪಳ ಬರಬೇಕು. ಒಂದ ಸಪ್ಪಳ ಬಂದ್ರ ಮುಂದ ಹೋಗಬ್ಯಾಡ್ರಿ. ನೆಲ ಸಾಪ ಇರಬೇಕು ಮತ್ತ. ನಮ್ಮ ಶೆಡ್ಡಿನ ಮುಂದ ಅಷ್ಟು ಜಾಗ ಕಾಂಕ್ರೀಟ್ ಹಾಕ್ಸೀನಿ, ಔಜಾರ ಬಿಡೋದು ಹಿಡಿಯೋದು ಎಲ್ಲಾ ಅಲ್ಲೇ. ಬಾಗದಾಗ ಎರಿ ಮಣ್ಣಾಗ ಬಿಟ್ಟು ಬಂದ ಕಲ್ಟಿವೇಟರ್ ಒಂದು ಕಡೆ ಕುಸಿದಿದ್ರ ಹಿಚ್ ಇದ್ರೂ ಕುಸ್ತಿ ತಪ್ಪೋದಿಲ್ಲ.

ಈಗ ಅಳತಿ ವಿಷಯ, ಇದನ್ನ ಪೂರಾ ಓದ್ರಿ ಯಾಕಂದ್ರ ರೊಕ್ಕ ಹೋಗೋದು ಇಲ್ಲೇ. ತ್ರೀ ಪಾಯಿಂಟ್ ಲಿಂಕೇಜ್, ಅಂದ್ರ ಈ ಎರಡು ಆರ್ಮ್ ಒಂದು ಟಾಪ್ ಲಿಂಕಿನ ಜೋಡಣಿ, ಹ್ಯಾರಿ ಫರ್ಗ್ಯುಸನ್ನನ ಕಾಲದಿಂದ ಐತಿ, 1939ರ ಫೋರ್ಡ್ ಫರ್ಗ್ಯುಸನ್ 9ಎನ್ ಟ್ರ್ಯಾಕ್ಟರಿಗೂ ಇದ್ದದ್ದ ಅದ, ಅದಕ್ಕ ಅಳತಿ ಕಟ್ಟಾಗಿ ಎಷ್ಟೋ ವರ್ಷ ಆತು. ನಮ್ಮಂಥ ಸಣ್ಣ ಟ್ರ್ಯಾಕ್ಟರಿಗೆ ಬರೋದು ಕೆಟಗರಿ 1, ಕೆಳಗಿನ ಪಿನ್ 22 ಎಂಎಂ, ಟಾಪ್ ಪಿನ್ 19 ಎಂಎಂ, ಕೆಳಗಿನ ಎರಡರ ನಡುವ ಸುಮಾರು 68 ಸೆಂಟಿಮೀಟರ್. ಇದರಾಗ 1ಎನ್ ಅಂತ ಸಣ್ಣ ಅಗಲದ್ದೊಂದು ಐತಿ, ಪಿನ್ನು ಅವ, ಅಗಲ ಬರೇ 40 ಸೆಂಟಿ. ಬಾಗದ ಔಜಾರ ಕೆಲವು ಹಂಗ ಬರ್ತಾವ, ಟೇಪ್ ಹಿಡಿದು ಅಳದ ಮ್ಯಾಲ ಆರ್ಡರ್ ಕೊಡ್ರಿ.

ಹಿಚ್ಚಿನ ಕೊಕ್ಕಿ ಪಿನ್ನಿಗಿಂತ ದೊಡ್ಡದಿರ್ತಾವ. ಹಂಗಾಗಿ ಔಜಾರದ ಕೆಳಗಿನ ಪಿನ್ನಿನ ಮ್ಯಾಲ 36.5 ಎಂಎಂ ಹೊರ ಅಳತಿ ಬರೋ ಬುಶ್ (ಪಿನ್ನಿಗೆ ಏರಿಸೋ ಕಬ್ಬಿಣದ ಕೊಳವಿ) ಹಾಕಬೇಕು, ಟಾಪ್ ಪಿನ್ನಿಗೆ ಸುಮಾರು 32ರದ್ದು. ಬುಶ್ ಇಲ್ದನೂ ಕೂಡ್ತೈತಿ ಅಂತ ಹೇಳೋರು ಅದಾರ, ಕೂಡ್ತೈತಿ ಖರೇ, ರೋಟರ್ ಕಲ್ಲಿಗೆ ಬಡಿದಾಗೆಲ್ಲ ಪಿನ್ನು ಕೊಕ್ಕ್ಯಾಗ ಕುಣೀತೈತಿ, ಕೊಕ್ಕಿ ತೂತು ಉದ್ದ ಆಕ್ಕೊಂತ ಹೋಗ್ತೈತಿ. ನಾ ಲೇಥ್‌ನ್ಯಾಗ ಮಾಡಿಸ್ಕೊಂಡು ಬಂದೆ, ಎಲ್ಲಾ ಔಜಾರಕ್ಕೂ ಬ್ಯಾರೆ ಬ್ಯಾರೆ ಸೆಟ್ಟು, ಯಾಕಂದ್ರ ಪ್ರತಿ ಸಲ ಬುಶ್ ತಗದು ಹಾಕೋದಾದ್ರ ಕ್ವಿಕ್ ಅನ್ನೋದು ಎಲ್ಲಿ ಉಳೀತು.

ಅದಕ್ಕಿಂತ ದೊಡ್ಡ ತಲಿನೋವು ಎತ್ತರದ್ದು. ಕೆಳಗಿನ ಪಿನ್ನಿನಿಂದ ಟಾಪ್ ಪಿನ್ನಿಗೆ 15 ಇಂಚು, ಅಂದ್ರ 38 ಸೆಂಟಿ ಇರಬೇಕಂತ ಈ ಹಿಚ್ಚಿನ ಲೆಕ್ಕ. ನನ್ನ ನಾಲ್ಕರಾಗ ಸರಿಯಾಗಿ ಕೂತದ್ದು ರಿಜರ್ ಒಂದ. ರೋಟರಿನ ಟಾಪ್ ತೂತು ಮ್ಯಾಲಿತ್ತು, ಕಲ್ಟಿವೇಟರಿಂದು ಮ್ಯಾಲ ಎರಡು ಪಟ್ಟಿ ನಡುವ ಇಷ್ಟು ಇಕ್ಕಟ್ಟು ಅಂದ್ರ ಕೊಕ್ಕಿ ಒಳಗ ಹೋಗವಲ್ದು. ಪ್ಲೇಟ್ ಕೊಯ್ದು, ಹೊಸ ತೂತು ಹೊಡೆದು, ವೆಲ್ಡಿಂಗ್ ಮಾಡಿಸಿ, ಪಿನ್ನು ಬುಶ್ಶು ಎಲ್ಲಾ ಸೇರಿ ಹಿಚ್ಚಿಗೆ ಕೊಟ್ಟದ್ರಾಗ ಅರ್ಧದಷ್ಟು ಮತ್ತ ಹೋತು. ಈ ಖರ್ಚ ಯಾವ ವಿಡಿಯೋದಾಗೂ ಹೇಳಂಗಿಲ್ಲ, ಅದರಾಗ ಎಲ್ಲಾ ಔಜಾರ ಒಂದ ಕಂಪನಿದು, ಹೊಸಾ ಬಣ್ಣದ್ದು.

ಪಿಟಿಓ ಶಾಫ್ಟ್, ಅಂದ್ರ ಇಂಜಿನ್ ಶಕ್ತಿ ಔಜಾರಕ್ಕ ಮುಟ್ಟಿಸೋ ತಿರುಗೋ ದಂಡಿಗಿ, ಅದರ ಬಗ್ಗೆ ಕೇಳ್ತೀರಿ ಅಂತ ಗೊತ್ತು. ಇಲ್ಲ, ಅದನ್ನ ಹಿಚ್ಚು ಜೋಡ್ಸೋದಿಲ್ಲ. ಇಳಿಬೇಕು, ಇಂಜಿನ್ ಬಂದ್ ಮಾಡಬೇಕು, ಕೈಲೆ ಹಾಕಬೇಕು, ಮೊದಲ ಹೆಂಗಿತ್ತೋ ಹಂಗ. ಉಲ್ಟಾ ಈಗ ಫ್ರೇಮಿನ ನಡುವ ಕೈ ತೂರಿಸಿ ಆ ಆರು ಹಲ್ಲಿನ ಸ್ಪ್ಲೈನ್ ಹೊಂದಿಸಬೇಕು, ದಪ್ಪ ಕೈಯವ್ರಿಗೆ ಶಾಪ ಹಾಕೋ ಕೆಲಸ. ಔಜಾರ ಹಿಡ್ಕೊಂಡು ನಾಲ್ಕು ಬೆರಳು ಎತ್ತಿ, ಕೆಳಗ ಕಟ್ಟಿಗಿ ಕೊಟ್ಟು ನಿಂದ್ರಿಸಿದ್ರ ಶಾಫ್ಟ್ ಸೀದಾ ಆಗ್ತೈತಿ, ಆವಾಗ ಹಗರ ಕೂಡ್ತೈತಿ. ಸ್ಪ್ಲೈನಿಗೆ ಗ್ರೀಸ್ ಹಚ್ಚಿಡ್ರಿ, ಮಣ್ಣಾಗ ಬಿಡಬ್ಯಾಡ್ರಿ, ಅರ್ಧ ತ್ರಾಸ ಹೋಗ್ತೈತಿ.

ಇನ್ನೊಂದು, ಹಿಚ್ ಹಾಕಿದ್ರ ಔಜಾರ ಹತ್ತು ಸೆಂಟಿಮೀಟರ್ ಹಿಂದ ಹೋಗ್ತೈತಿ. ಶಾಫ್ಟ್ ಒಂದ್ರಾಗೊಂದು ಸರಿಯೋ ಎರಡು ಪೈಪಲ್ಲ, ಮ್ಯಾಲ ಎತ್ತಿ ಕೆಳಗ ಇಳಿಸಿ ನೋಡ್ರಿ, ಪೂರಾ ಉದ್ದ ಆದಾಗನೂ ಮೂರನೇ ಒಂದು ಪಾಲಾದ್ರೂ ಒಳಗ ಉಳಿದಿರಬೇಕು. ನನ್ನ ರೋಟರಿನ ಶಾಫ್ಟ್ ಅಷ್ಟು ಉಳೀಲಿಲ್ಲ, ಉದ್ದಂದು ತಗೋಬೇಕಾತು. 540 ಆರ್‌ಪಿಎಂ ತಿರುಗೋ ಶಾಫ್ಟ್ ಹೊರಗ ಕಳಚಿ ಬಂತಂದ್ರ ಏನಾಗ್ತೈತಿ ಅನ್ನೋದನ್ನ ನಾ ಬರಿಯೋದು ಬ್ಯಾಡ.

ಈ ಹತ್ತು ಸೆಂಟಿನ ಖರೇ ಬೆಲಿ ಗೊತ್ತಾಗೋದು ಬ್ಲೋವರಿನ್ಯಾಗ. ಟಾಕಿ ತುಂಬಿದ್ರ ನೀರೇ 400 ಕೆಜಿ, ಫ್ಯಾನು ಪಂಪು ಸೇರಿ ಐನೂರು ದಾಟ್ತೈತಿ. ಐನೂರ ಅಂತ ಹಿಡಿದು ಲೆಕ್ಕ ಮಾಡ್ರಿ, ಮುಂದಿನ ಹಿಂದಿನ ಗಾಲಿ ನಡುವಿನ ಅಂತರ ಒಂದೂವರೆ ಮೀಟರ್ ಅಂದ್ರ ಹತ್ತು ಸೆಂಟಿ ಹಿಂದ ಸರಿದದ್ದಕ್ಕ ಮುಂದಿನ ಗಾಲಿ ಮ್ಯಾಲಿಂದು 33 ಕೆಜಿ ಹಗರ, ಫ್ರೇಮಿನ ಭಾರಕ್ಕ ಮತ್ತ 15 ಕೆಜಿ, ಒಟ್ಟು 50ರ ಹತ್ರ. ದೊಡ್ಡ ಟ್ರ್ಯಾಕ್ಟರಿಗೆ ಇದು ಏನೂ ಅಲ್ಲ, ಸಣ್ಣದಕ್ಕ ಇದು ಸ್ಟೇರಿಂಗ್ ಮಾತು ಕೇಳೋದು ಕೇಳದಿರೋದು. ನಮ್ಮ ಹಳ್ಳದ ಕಡೆ ಬಾಗದಾಗ ಏರ ಐತಿ, ಅಲ್ಲಿ ತುಂಬಿದ ಟಾಕಿ ಎತ್ತಿಕೊಂಡು ಹತ್ತಿದ್ರ ಮುಂದಿನ ಗಾಲಿ ನೆಲಕ್ಕ ಬರೇ ಮುಟ್ಟಿದಂಗ. ಮುಂದ ವೇಟ್ ಪ್ಲೇಟ್ ಹಾಕ್ಸೀನಿ, ಆದ್ರೂ ಆ ಬಾಗಕ್ಕ ಹೋಗೋವಾಗ 300 ಲೀಟರಿಗಿಂತ ಜಾಸ್ತಿ ತುಂಬಂಗಿಲ್ಲ. ಸಾಲಿನ ಕೊನಿಗೆ ತಿರಗೋವಾಗನೂ ಬಾಲ ಉದ್ದ ಆಗೈತಿ ಅನ್ನೋದು ಗೊತ್ತಾಗ್ತೈತಿ, ಮೂಲಿ ಕಂಬದ ತಂತಿ ನೋಡ್ಕೊಂಡು ತಿರಗಸ್ರಿ. ಲಿಫ್ಟ್ 750 ಕೆಜಿ ಅಂತ ಕಂಪನಿಯವ್ರು ಬರೆದಿರ್ತಾರಲ್ಲ, ಅದು ಆರ್ಮಿನ ತುದಿಗೆ ಅಳದದ್ದೋ ತುದಿಯಿಂದ 61 ಸೆಂಟಿ ಹಿಂದ ಅಳದದ್ದೋ ಅಂತ ಕೇಳ್ರಿ, ಎರಡಕ್ಕೂ ಭಾಳ ಫರಕ್ ಐತಿ.

ಬ್ಲೋವರ್ ದಿನಾ ಬೇಕಾಗೋದು, ಅದಕ್ಕ ಈ ಹಿಚ್ಚು ಕಮ್ಮಿ ಹೊಂದತೈತಿ, ರೋಟರು ಕಲ್ಟಿವೇಟರಿಗೆ ಭಾರಿ ಹೊಂದತೈತಿ. ಮುಂದ ಯಾವಾಗರ ಬ್ಲೋವರ್ ಬದಲಿ ಮಾಡಿದ್ರ ಗಾಲಿ ಇರೋ ಜಗ್ಗೋ ಟೈಪಿಂದ ತಗೋತೀನಿ.

ಕ್ವಾಲಿಟಿ ಹೇಳಬೇಕಂದ್ರ, ನಂದು ಬ್ರಾಂಡಿನದಲ್ಲ, ವರ್ಕ್‌ಶಾಪಿನ್ಯಾಗ ಮಾಡಿದ್ದು, ಹೆಸರು ಬರಿಯಂಗಿಲ್ಲ. ಫ್ರೇಮ್ ಗಟ್ಟಿ, ಇಲ್ಲಿ ಮಟ ವೆಲ್ಡಿಂಗ್ ಬಿರುಕು ಬಿಟ್ಟಿಲ್ಲ, ಬಣ್ಣ ಒಂದ ಮಳಿಗಾಲಕ್ಕ ಹೋತು, ಅದರ ಚಿಂತಿ ಇಲ್ಲ. ಚಿಂತಿ ಕೊಟ್ಟದ್ದು ಲಾಕಿನ ಸ್ಪ್ರಿಂಗ್. ಎರಡನೇ ಹಂಗಾಮಿನ್ಯಾಗ ಬಲಗಡೆ ಸ್ಪ್ರಿಂಗ್ ಸಡಿಲಾಗಿ, ರೋಡಿನ ಮ್ಯಾಲ ಹೋಗ್ತಿರಬೇಕಾದ್ರ ಲಿವರ್ ತಾನ ಮ್ಯಾಲ ಎದ್ದಿತ್ತು, ಕಲ್ಟಿವೇಟರ್ ಒಂದ ಕಡೆ ಜೋತು ಬಿತ್ತು. ಹಿಂದ ಯಾರೂ ಗಾಡಿ ಮ್ಯಾಲ ಇರಲಿಲ್ಲ, ಪುಣ್ಯ. ಮಾಡಿದವ್ರಿಗೆ ಫೋನ್ ಹಚ್ಚಿದ್ರ ಸ್ಪ್ರಿಂಗ್ ಗ್ಯಾರಂಟ್ಯಾಗ ಬರಂಗಿಲ್ಲ ಅಂದ್ರು. ಈಗ ಲಿವರಿಗೂ ಫ್ರೇಮಿಗೂ ತೂತು ಹೊಡೆದು ಎರಡೂ ಕಡೆ ಪಿನ್ ಹಾಕೀನಿ, ಸ್ಪ್ರಿಂಗ್ ಹೋದ್ರೂ ಪಿನ್ ಹಿಡೀತೈತಿ. ಹೊಸಾದು ತಗೋಳೋರು ಈ ಪಿನ್ನಿನ ತೂತು ಮೊದಲ ಐತೋ ಇಲ್ಲೋ ನೋಡ್ರಿ, ಇಲ್ಲದಿದ್ರ ಹೊಡಿಸಿಕೊಂಡ ಗಾಡಿಗೆ ಹಾಕ್ರಿ.

ಟ್ರಾಲಿ ಹೊಡಿಯೋರಿಗೆ ಒಂದು ಮಾತು. ಫ್ರೇಮ್ ಹಿಂದ ಹಂಗ ಬಿಟ್ಟು ಟ್ರಾಲಿ ಹಾಕಿದ್ರ ತಿರುವಿನ್ಯಾಗ ಟ್ರಾಲಿ ದಂಡಿಗಿಗೆ ಬಡೀತೈತಿ. ತಗದಿಡಬೇಕು, ಮೂವತ್ತು ಕೆಜಿ ತಗಿಯೋದು ಹಾಕೋದು. ದ್ರಾಕ್ಷಿ ಕಟಾವಿನ್ಯಾಗ ಒಣಗಿಸೋ ಶೆಡ್ಡಿಗೆ ದಿನಾ ಕ್ರೇಟ್ ಸಾಗಿಸೋದು ಇರ್ತೈತಿ, ಆ ಹೊತ್ತಿಗೆ ನಾ ಹಿಚ್ಚು ತಗದ ಮೂಲ್ಯಾಗ ಇಟ್ಟಬಿಡ್ತೀನಿ.

ಎರಡ ಔಜಾರ ಇರೋ ಮನಷ್ಯಾಗ ಇದು ಬೇಕಂತ ನಾ ಹೇಳಂಗಿಲ್ಲ. ಅಂಥವ್ರು ತುದಿ ಹೊರಗ ಜಗ್ಗಿ ಬರೋ ಆರ್ಮ್ ಸಿಗ್ತಾವ ನೋಡ್ರಿ, ಹತ್ರ ತಂದು ತುದಿ ಎಳದು ಪಿನ್ನಿಗೆ ಹಾಕಿ, ಆಮ್ಯಾಲ ಟ್ರ್ಯಾಕ್ಟರ್ ಹಿಂದ ತಗೊಂಡ್ರ ತಾನ ಲಾಕ್ ಆಗ್ತೈತಿ. ಔಜಾರ ಹಿಂದ ಸರಿಯಂಗಿಲ್ಲ, ಬುಶ್ ಬ್ಯಾಡ, ಪ್ಲೇಟ್ ಕೊಯ್ಯೋದು ಬ್ಯಾಡ. ಯುರೋಪಿನ ಕಡೆ ತ್ರಿಕೋನ ಆಕಾರದ ಎ ಫ್ರೇಮ್ ಹಿಚ್ ಬಳಸ್ತಾರ, ಒಂದ ಲಾಕು, ಹಗರ, ಆದ್ರ ಪ್ರತಿ ಔಜಾರಕ್ಕೂ ಅದರ ಜೋಡಿ ತ್ರಿಕೋನ ಬೆಸೀಬೇಕು. ನಾಲ್ಕೈದು ಔಜಾರ, ದಿನಾ ಬದಲಿ, ಆಳು ಸಿಗಂಗಿಲ್ಲ, ಒಬ್ಬನ ಮಾಡಬೇಕು ಅಂತಿದ್ರ ಮಾತ್ರ ಕ್ವಿಕ್ ಹಿಚ್ಚಿಗೆ ರೊಕ್ಕ ಹಾಕ್ರಿ. ಐದಕ್ಕ ನನ್ನ ಮಾರ್ಕು ಮೂರೂವರೆ, ಬ್ಲೋವರ್ ಲೆಕ್ಕದಾಗ ತಗೊಂಡ್ರ ಎರಡೂವರೆ.

ಊರಾಗಿನ ಕೊಡೋದು ತಗೊಳೋದು ಕೆಡ್ತೈತಿ ಅನ್ನೋದೂ ಒಂದು ಐತಿ. ನಮ್ಮಲ್ಲಿ ಒಬ್ಬರ ರಿಜರ್ ಇನ್ನೊಬ್ಬರು ಒಯ್ಯೋದು ರೂಢಿ, ನನ್ನ ಔಜಾರಕ್ಕ ಬುಶ್ ಐತಿ ಅಂದ್ರ ಅವ್ರ ಆರ್ಮಿಗೆ ಬರಂಗಿಲ್ಲ, ಅವ್ರದು ನನ್ನ ಕೊಕ್ಕಿಗೆ ಬರಂಗಿಲ್ಲ. ಬಾಜೂ ಹೊಲದ ಮಾಮಾ ಮೊದಮೊದಲ ಇದಕ್ಕ ಭಾಳ ಸಿಟ್ಟಿಗೆದ್ದ, ಏನೋ ದೊಡ್ಡಸ್ತಿಕಿ ಮಾಡಾಕತ್ತೀಯಲ್ಲೋ ಅಂದ. ಅವನ ರೋಟರಿಗೆ ನಾನ ಬುಶ್ ಹಾಕ್ಸಿಕೊಟ್ಟೆ. ಈಗ ಅವ ರೋಟರ್ ತನ್ನ ಶೆಡ್ಡಿನ್ಯಾಗ ಬಿಟ್ಟು ನನ್ನ ಹಿಚ್ಚನ್ನ ಕೇಳ್ಕೊಂಡು ಒಯ್ಯಾಕತ್ಯಾನ, ತಿರುಗಿ ತರೂದು ಮರೀತಾನ.