ಇಡೀ ರಾತ್ರಿ ಕೂಟವೋ, ಮೊಬೈಲೋ, ಅವ್ವನ ಬೈಬಲ್ಲೋ: ಆತ್ಮಿಕ ಹೋರಾಟದಲ್ಲಿ ನನಗೆ ಒದಗಿದ್ದು ಯಾವುದು

ಹುಬ್ಬಳ್ಳಿ-ಧಾರವಾಡದ ಕಡೆ ಒಬ್ಬ ವಿಶ್ವಾಸಿ "ನನಗ್ಯಾಕೋ ಸೈತಾನನ ಕಾಟ ಜಾಸ್ತಿ ಆಗಿದೆ" ಅಂತ ಬಾಯಿಬಿಟ್ಟರೆ ಸಾಕು, ಸಲಹೆಗಳಿಗೆ ಬರವಿಲ್ಲ. ಒಬ್ಬರು ದುರಾತ್ಮ ಬಿಡಿಸುವ ಪ್ರಾರ್ಥನೆಯ ಬಿಡುಗಡೆ ಕೂಟಕ್ಕೆ ಬಾ ಅನ್ನುತ್ತಾರೆ. ಇನ್ನೊಬ್ಬರು ವಾಟ್ಸಾಪ್‌ನಲ್ಲಿ ಯೂಟ್ಯೂಬ್ ಲಿಂಕ್ ಕಳಿಸುತ್ತಾರೆ. ಮನೆಯ ಹಿರಿಯರು ಬೈಬಲ್ಲಿನ 91ನೇ ಕೀರ್ತನೆ ಓದಿ ಮಲಗು ಅನ್ನುತ್ತಾರೆ. ಎಲ್ಲೋ ಒಬ್ಬರು ಮಾತ್ರ "ನಮ್ಮನಿಗೆ ಬಾ, ಕೂತು ಮಾತಾಡೋಣು" ಅನ್ನುತ್ತಾರೆ. ಈ ನಾಲ್ಕನ್ನೂ ನಾನು ಮಾಡಿ ನೋಡಿದ್ದೇನೆ.

ನನ್ನ ಪರಿಸ್ಥಿತಿ ಇಷ್ಟು. ಹುಬ್ಬಳ್ಳಿ ಹತ್ತಿರ ತಾರಿಹಾಳದ ಒಂದು ಕಾರ್ಖಾನೆಯಲ್ಲಿ ಪಾಳಿ ಕೆಲಸ. ಒಂದು ವಾರ ಹಗಲು, ಒಂದು ವಾರ ರಾತ್ರಿ. ಮಲಗಿದಾಗ ನಡುವೆ ಎಚ್ಚರಾಗುತ್ತಿತ್ತು. ಕಣ್ಣು ತೆರೆದಿರುತ್ತಿತ್ತು, ಕೈಕಾಲು ಮಾತ್ರ ಅಲ್ಲಾಡುತ್ತಿರಲಿಲ್ಲ. ಎದೆ ಮೇಲೆ ಯಾರೋ ಕೂತ ಹಾಗೆ. ಕೂಗಬೇಕು ಅಂದರೆ ದನಿ ಹೊರಡುತ್ತಿರಲಿಲ್ಲ. ಅದೇ ದಿನಗಳಲ್ಲಿ, ಅಮಾವಾಸ್ಯೆ ಮರುದಿನ ಬೆಳಿಗ್ಗೆ, ಗೇಟಿನ ಹತ್ತಿರ ಕುಂಕುಮ ಹಚ್ಚಿದ ನಿಂಬೆಹಣ್ಣು ಬಿದ್ದಿತ್ತು. ದೊಡ್ಡಪ್ಪನ ಮಗನ ಜೊತೆ ಜಾಗದ ತಕರಾರೂ ನಡೆದಿತ್ತು. ಓಣಿಯವರು ಮೂರನ್ನೂ ಸೇರಿಸಿ ಒಂದೇ ಗಂಟು ಹಾಕಿದರು. ಅವ್ವ ಮಾತ್ರ ನಿಂಬೆಹಣ್ಣನ್ನು ಕಸಬರಿಗೆಯಿಂದ ಸರಿಸಿ ಕಸದ ಗಾಡಿಗೆ ಹಾಕಿ, ಕೈ ತೊಳೆದುಕೊಂಡು ಚಹಾಕ್ಕೆ ನೀರಿಟ್ಟಳು. "ಯಾರದೋ ಗಾಡಿಗೆ ಕಟ್ಟಿದ್ದು ಬಿದ್ದಿರಬೇಕು" ಅಂದಳು.

ಹೋಲಿಸಿ ನೋಡಲು ನಾನು ಇಟ್ಟುಕೊಂಡದ್ದು ಎರಡೇ ಪ್ರಶ್ನೆ. ಪ್ರಾರ್ಥನೆ ಮುಗಿದ ಮೇಲೆ ತಲೆಯಲ್ಲಿ ಉಳಿಯುವುದು ಕ್ರಿಸ್ತನೋ, ಸೈತಾನನೋ? ರಾತ್ರಿ ಮೂರು ಗಂಟೆಗೆ ಒಬ್ಬನೇ ಇದ್ದಾಗ ಅದು ಕೆಲಸಕ್ಕೆ ಬರುತ್ತದೆಯೋ ಇಲ್ಲವೋ?

ಮೊಬೈಲ್ ಬಗ್ಗೆ ಬೇಗ ಹೇಳಿ ಮುಗಿಸುತ್ತೇನೆ. ಇಯರ್‌ಫೋನ್ ಹಾಕಿಕೊಂಡು ಪ್ರಾರ್ಥನೆಯ ವಿಡಿಯೋ ಹಚ್ಚಿ ಮಲಗೋದು ಸುಲಭ. ಆದರೆ ಒಂದು ವಿಡಿಯೋ ಮುಗಿದ ಕೂಡಲೇ ಅದು ತಾನೇ ಮುಂದಿನದನ್ನು ಶುರು ಮಾಡುತ್ತದೆ. ಮನೆಯಲ್ಲಿ ಯಾವ ವಸ್ತು ಇದ್ದರೆ ದುರಾತ್ಮ ಬರುತ್ತದೆ, ಕನಸಲ್ಲಿ ಹಾವು ಕಂಡರೆ ಯಾವ ಶಾಪ, ಹೀಗೆ. ನಡುವೆ ಗೋಲ್ಡ್ ಲೋನ್ ಜಾಹೀರಾತು. ಕೇಳ್ತಾ ಕೇಳ್ತಾ, ಮೊದಲು ಇಲ್ಲದ ಭಯಗಳೂ ಹುಟ್ಟಿಕೊಂಡವು. ಎರಡೂ ಪ್ರಶ್ನೆಗೆ ಇದು ಫೇಲು. ಕನ್ನಡ ಬೈಬಲ್ಲಿನ ಆಡಿಯೋ ಮಾತ್ರ ಬೇರೆ. ಓದೋಕೆ ಕಣ್ಣು ಸೋತಾಗ ಅದು ನಿಜವಾಗಿ ಉಪಯೋಗಕ್ಕೆ ಬರುತ್ತದೆ, ಅದನ್ನು ಈಗಲೂ ಕೇಳುತ್ತೇನೆ.

ಇಡೀ ರಾತ್ರಿಯ ಬಿಡುಗಡೆ ಕೂಟದ ಬಗ್ಗೆ ಇಷ್ಟು ಸಲೀಸಾಗಿ ತೀರ್ಪು ಕೊಡೋಕೆ ಆಗಲ್ಲ. ಊರ ಹೊರಗೆ, ಒಂದು ಕಟ್ಟಡದ ಮೇಲಂತಸ್ತಿನ ಹಾಲ್. ಕೀಬೋರ್ಡು, ಡ್ರಮ್ಮು, ನೆಲಕ್ಕೆ ಹಾಸಿದ ಜಮಖಾನೆ. ಹಾಡು ಶುರುವಾದರೆ ಎದೆ ತುಂಬಿ ಬರುತ್ತದೆ, ಅದು ಸುಳ್ಳಲ್ಲ. ನನ್ನ ಪಕ್ಕದಲ್ಲಿ ಕೂತಿದ್ದ ಹುಡುಗ ಕುಡಿತ ಬಿಟ್ಟ ಸಾಕ್ಷಿ ಹೇಳಿದ. ಅವನ ಹೆಂಡತಿ ಅಳುತ್ತಾ ಕೂತಿದ್ದಳು. ಯಾರೂ ಪರಿಚಯ ಇಲ್ಲದಿದ್ದರೂ ಒಬ್ಬ ಅಜ್ಜ ನನ್ನ ತಲೆ ಮೇಲೆ ಕೈಯಿಟ್ಟು ಬಹಳ ಹೊತ್ತು ಪ್ರಾರ್ಥಿಸಿದರು. ನಮ್ಮಂಥ ಹಳೆಯ ಸಭೆಯವರು ಈ ಕೂಟಗಳ ಬಗ್ಗೆ ಮೂಗು ಮುರಿಯೋದು ಜಾಸ್ತಿ. ಆದರೆ ಭಯ ಆಗಿದೆ ಅಂತ ಬಂದವನನ್ನು ಅಲ್ಲಿ ಯಾರೂ ನಗಾಡಲಿಲ್ಲ. ಇದು ಸಣ್ಣ ವಿಷಯ ಅಲ್ಲ.

ಮಧ್ಯರಾತ್ರಿ ದಾಟಿದ ಮೇಲೆ ಗಾಳಿ ಬದಲಾಯಿತು. ಬೋಧಕರು ಮೈಕ್ ಹಿಡಿದು ಜನರ ಮುಂದೆ ನಿಂತು "ನಿನ್ನ ಹೆಸರೇನು, ಹೇಳು" ಅಂತ ದುರಾತ್ಮವನ್ನು ಕೇಳತೊಡಗಿದರು. ಮಾರ್ಕನ 5ನೇ ಅಧ್ಯಾಯದಲ್ಲಿ ಯೇಸು ಹಾಗೆ ಕೇಳಿದ್ದು ನಿಜ. ಆದರೆ ಅದೇ ಸುವಾರ್ತೆಯ ಮೊದಲನೇ ಅಧ್ಯಾಯದಲ್ಲಿ, ಕಪೆರ್ನೌಮಿನ ಸಭಾಮಂದಿರದಲ್ಲಿ, ಸುಮ್ಮನಿರು, ಇವನನ್ನು ಬಿಟ್ಟು ಹೋಗು ಅಂದದ್ದಷ್ಟೇ. ಹೋಯಿತು. ಇಲ್ಲಿ ಸಂದರ್ಶನ ಗಂಟೆಗಟ್ಟಲೆ ನಡೆಯಿತು. ಆಮೇಲೆ ಒಂದು ಫಾರಂ ಕೊಟ್ಟರು. ಅಜ್ಜ, ಮುತ್ತಜ್ಜ ಯಾವ ಯಾವ ದೇವಸ್ಥಾನಕ್ಕೆ ನಡೆದುಕೊಳ್ಳುತ್ತಿದ್ದರು, ಮನೆತನದಲ್ಲಿ ಯಾರು ಅಕಾಲ ಸತ್ತಿದ್ದಾರೆ, ಎಲ್ಲಾ ತುಂಬಬೇಕಂತೆ. ತಂದೆಯ ದೋಷಫಲವನ್ನು ಮಗ ಹೊರುವುದಿಲ್ಲ ಅಂತ ಯೆಹೆಜ್ಕೇಲನ 18ನೇ ಅಧ್ಯಾಯದಲ್ಲಿ ಸ್ಪಷ್ಟವಾಗಿದೆ. ನಾನು ಫಾರಂ ಖಾಲಿ ಬಿಟ್ಟೆ. ಹೊರಡುವಾಗ ಬಾಗಿಲಲ್ಲಿ ಎಣ್ಣೆ ಬಾಟಲಿ ಮಾರುತ್ತಿದ್ದರು. ಶುಗರ್ ಇದ್ದ ಒಬ್ಬ ಯಕ್ಕನಿಗೆ ಸ್ವಯಂಸೇವಕರೊಬ್ಬರು "ನಂಬಿಕೆ ಇದ್ರ ಗುಳಿಗೆ ಯಾಕ ಬೇಕ್ರಿ" ಅಂದದ್ದು ನನ್ನ ಕಿವಿಗೇ ಬಿತ್ತು. ಅಲ್ಲಿಗೆ ನನ್ನ ಮನಸ್ಸು ಮುರಿಯಿತು.

ದೆವ್ವ ಇಲ್ಲವೇ ಇಲ್ಲ ಅನ್ನೋ ಪೈಕಿ ನಾನಲ್ಲ. ದೆವ್ವ ಇದೆ ಅಂತ ಬೈಬಲ್ ಹೇಳುತ್ತದೆ, ನಾನೂ ನಂಬುತ್ತೇನೆ. ಆದರೆ ಎಪ್ಪತ್ತು ಮಂದಿ ಶಿಷ್ಯರು ಸಂತೋಷದಿಂದ ತಿರುಗಿ ಬಂದು ದೆವ್ವಗಳೂ ನಮಗೆ ಅಧೀನವಾದವು ಅಂದಾಗ ಯೇಸು ಹೇಳಿದ್ದೇನು? ಅದಕ್ಕೆ ಸಂತೋಷಪಡಬೇಡಿ, ನಿಮ್ಮ ಹೆಸರು ಪರಲೋಕದಲ್ಲಿ ಬರೆದಿದೆ ಅಂತ ಸಂತೋಷಪಡಿ. ಲೂಕ 10:20. ಕೂಟದಿಂದ ಮನೆಗೆ ಬಂದ ಬೆಳಿಗ್ಗೆ ನನ್ನ ತಲೆಯಲ್ಲಿ ಸುತ್ತುತ್ತಿದ್ದದ್ದು ದೆವ್ವಗಳ ಹೆಸರುಗಳು. ಮೊದಲ ಪ್ರಶ್ನೆಗೆ ಉತ್ತರ ಸಿಕ್ಕಿತ್ತು. ಉತ್ಸಾಹ ಎರಡು ಮೂರು ದಿನ ಇತ್ತು, ರಾತ್ರಿ ಪಾಳಿ ಬಂದ ಕೂಡಲೇ ಇಳಿಯಿತು.

ಇನ್ನು ಅವ್ವನ ದಾರಿ. ಸ್ವಿಟ್ಜರ್ಲೆಂಡಿನ ಬಾಸೆಲ್ ಮಿಶನ್ನಿನ ಪಾದ್ರಿಗಳು 1834ರಲ್ಲಿ ಮಂಗಳೂರಿಗೆ ಬಂದವರು, 1837ರಲ್ಲಿ ಧಾರವಾಡಕ್ಕೆ, 1839ರಲ್ಲಿ ಹುಬ್ಬಳ್ಳಿಗೆ, 1841ರಲ್ಲಿ ಬೆಟಗೇರಿಗೆ ಬಂದರು. ಅವ್ವನ ತವರು ಬೆಟಗೇರಿ. ಆ ಕಾಲದಿಂದ ಬಂದ ಪದ್ಧತಿ ಅವಳದು. ಊಟ ಆದ ಮೇಲೆ ಒಂದು ಹಾಡು, ಒಂದು ಕೀರ್ತನೆ, ಆಮೇಲೆ "ಕೇಡಿನಿಂದ ನಮ್ಮನ್ನು ತಪ್ಪಿಸು" ಅನ್ನೋ ಕರ್ತನ ಪ್ರಾರ್ಥನೆ. ಕೂಗಾಟ ಇಲ್ಲ, ಖರ್ಚಿಲ್ಲ. ವರ್ಷಗಟ್ಟಲೆ ಕೇಳಿದ ವಾಕ್ಯ ಯೋಚಿಸದೇ ಬಾಯಿಗೆ ಬರುತ್ತದೆ. ಮೂರು ಗಂಟೆ ರಾತ್ರಿಗೆ ಇದರಷ್ಟು ಒದಗುವುದು ಇನ್ನೊಂದಿಲ್ಲ. ಯೇಸು ಅಡವಿಯಲ್ಲಿ ಸೈತಾನನಿಗೆ ಕೊಟ್ಟ ಮೂರೂ ಉತ್ತರ ಧರ್ಮೋಪದೇಶಕಾಂಡದ 6 ಮತ್ತು 8ನೇ ಅಧ್ಯಾಯದಿಂದ ಬಂದವು, ಅಂದರೆ ಚಿಕ್ಕಂದಿನಿಂದ ಬಾಯಿಪಾಠ ಇದ್ದ ಮಾತುಗಳು ಅಂತಲೇ ಅನ್ನಿಸುತ್ತದೆ.

ಇದರಲ್ಲೂ ಒಂದು ಕೊರತೆ ಇದೆ. ನಮ್ಮ ಮನೆಯ ಬಾಗಿಲ ಮೇಲೆ 91ನೇ ಕೀರ್ತನೆಯ ಚೌಕಟ್ಟು ತೂಗುಹಾಕಿದ್ದಾರೆ, ಅನೇಕರ ಮನೆಯಲ್ಲಿ ಇರುವ ಹಾಗೆ. ಮತ್ತಾಯನ 4ನೇ ಅಧ್ಯಾಯ ಓದಿ ನೋಡಿ. ದೇವಾಲಯದ ತುದಿಯಲ್ಲಿ ಯೇಸುವಿನ ಮುಂದೆ ಇದೇ ಕೀರ್ತನೆಯನ್ನು ಹೇಳಿದವನು ಸೈತಾನ! ಅವನಿಗೆ ಅದು ಬಾಯಿಪಾಠ. ಹಾಗಾಗಿ ವಚನವನ್ನು ತಾಯತದ ಹಾಗೆ ಕಟ್ಟಿಕೊಂಡರೆ ಅವನು ಹೆದರುತ್ತಾನೆ ಅಂತ ನನಗೆ ಅನ್ನಿಸಲ್ಲ. ಇನ್ನೊಂದು, ನನಗೆ ಹೀಗೆ ಹೀಗೆ ಆಗ್ತಿದೆ ಅಂತ ಹೇಳಹೊರಟರೆ ಅವ್ವ "ಅದನ್ನೆಲ್ಲಾ ರಾತ್ರಿ ಮಾತಾಡಬಾರ್ದಪಾ" ಅಂತ ತಡೆಯುತ್ತಿದ್ದಳು. ಪ್ರಾರ್ಥನೆಗೆ ಜಾಗ ಇತ್ತು, ಭಯ ಹೇಳಿಕೊಳ್ಳೋಕೆ ಇರಲಿಲ್ಲ.

ಆ ಜಾಗ ಸಿಕ್ಕಿದ್ದು ಧಾರವಾಡದಲ್ಲಿ, ನಿವೃತ್ತರಾದ ಕನ್ನಡ ಸಾಲಿ ಅಕ್ಕೋರೊಬ್ಬರ ಮನೆಯಲ್ಲಿ. ಶುಕ್ರವಾರ ಸಂಜೆ ಏಳೆಂಟು ಜನ ಸೇರುತ್ತಾರೆ. ಹುಬ್ಬಳ್ಳಿ-ಧಾರವಾಡ ನಡುವಿನ ಚಿಗರಿ ಬಸ್ ಹಿಡಿದು ಹೋಗಿಬರುತ್ತೇನೆ. ಗಿರ್ಮಿಟ್ಟು, ಚಹಾ, ಆಮೇಲೆ ಬೈಬಲ್. ಮೊದಲ ಸಲ ಹೋದಾಗ ನನ್ನ ಕಥೆಯೆಲ್ಲಾ ಹೇಳಿದೆ. ನಿಂಬೆಹಣ್ಣು, ಎದೆ ಮೇಲಿನ ಭಾರ, ಕೂಟದಲ್ಲಿ ಕೇಳಿದ ಹೆಸರುಗಳು. ಅಕ್ಕೋರು ಕನ್ನಡಕ ತೆಗೆದು ಸೆರಗಿನಿಂದ ಒರೆಸುತ್ತಾ ಪೂರ್ತಿ ಕೇಳಿಸಿಕೊಂಡರು. "ತಮ್ಮಾ, ಸೈತಾನನ ಬಗ್ಗೆ ಇಷ್ಟೊತ್ತು ಹೇಳಿದಿ. ಯೇಸುಸ್ವಾಮಿ ಬಗ್ಗೆ ಒಂದು ಮಾತೂ ಬರಲಿಲ್ಲಲ್ಲೋ" ಅಂದರು. ಬೈಯುವ ದನಿ ಅಲ್ಲ ಅದು. ನನಗೆ ಉತ್ತರ ಹೊಳೆಯಲಿಲ್ಲ.

ಅಲ್ಲಿ ಅಪೊಸ್ತಲ ಪೌಲ ಎಫೆಸ ಊರಿನವರಿಗೆ ಬರೆದ ಪತ್ರವನ್ನು ಮೊದಲಿನಿಂದ ಓದಿದೆವು. ಎಲ್ಲರೂ ನೇರವಾಗಿ 6ನೇ ಅಧ್ಯಾಯಕ್ಕೆ, ಕತ್ತಿ ಗುರಾಣಿಗೆ ಹಾರುತ್ತಾರೆ. ಆ ಊರು ಎಂಥದ್ದು ಅಂತ ನೋಡಬೇಕು. ಅಪೊಸ್ತಲರ ಕೃತ್ಯಗಳು 19ನೇ ಅಧ್ಯಾಯದ ಪ್ರಕಾರ, ನಂಬಿದ ಜನ ತಂದು ಸುಟ್ಟ ಮಾಟಮಂತ್ರದ ಪುಸ್ತಕಗಳ ಬೆಲೆಯೇ 50,000 ಬೆಳ್ಳಿ ನಾಣ್ಯ. ನಮ್ಮ ಓಣಿಯ ಒಂದು ನಿಂಬೆಹಣ್ಣು ಅದರ ಮುಂದೆ ಯಾವ ಲೆಕ್ಕ? ಅಂಥ ಊರಿನವರಿಗೆ ಪೌಲ ದೆವ್ವಗಳ ಪಟ್ಟಿ ಕಳಿಸಲಿಲ್ಲ. ಕ್ರಿಸ್ತನು ಎಲ್ಲಾ ಅಧಿಕಾರಗಳಿಗಿಂತ ಮೇಲೆ ಕೂತಿದ್ದಾನೆ ಅಂತ ಮೊದಲನೇ ಅಧ್ಯಾಯದಲ್ಲೇ ಹೇಳಿಬಿಟ್ಟ. ಅದೂ ಬೇಡಿಯಲ್ಲಿದ್ದುಕೊಂಡು. ಗೆದ್ದು ಆಗಿದೆ, ನೀವು ನಿಂತುಕೊಳ್ಳಿ ಅನ್ನೋದೇ ಪತ್ರದ ಧಾಟಿ. ನನಗೆ ಧೈರ್ಯ ಬಂದದ್ದು ಇಲ್ಲಿಂದ.

4ನೇ ಅಧ್ಯಾಯದಲ್ಲಿ ಇನ್ನೊಂದು ಮಾತಿದೆ. ಹೊತ್ತು ಮುಳುಗುವುದರೊಳಗೆ ಸಿಟ್ಟು ತೀರಲಿ, ಸೈತಾನನಿಗೆ ಆಸ್ಪದ ಕೊಡಬೇಡಿ. ಸೈತಾನ ಒಳಗೆ ಬರುವ ಬಾಗಿಲು ಪೌಲನ ಪ್ರಕಾರ ಮುತ್ತಜ್ಜನ ಪೂಜೆಯಲ್ಲ, ತೀರದ ಸಿಟ್ಟು. ಓದುತ್ತಿದ್ದ ಹಾಗೆ ದೊಡ್ಡಪ್ಪನ ಮಗನ ಮುಖ ಕಣ್ಣೆದುರು ಬಂತು. ನಮ್ಮ ಹೋರಾಟ ಮನುಷ್ಯರ ಜೊತೆ ಅಲ್ಲ ಅನ್ನೋದೂ ಇದೇ ಪತ್ರವೇ. ಮುಂದಿನ ಭಾನುವಾರ ಆ ಅಣ್ಣನ ಮನೆಗೆ ಹೋದೆ. ಜಾಗದ ತಕರಾರು ಇನ್ನೂ ಹಾಗೇ ಇದೆ, ಸರ್ವೇ ಆಗಬೇಕು. ಆದರೆ ಇಬ್ಬರೂ ಕೂತು ಊಟ ಮಾಡಿದೆವು.

ಎದೆ ಮೇಲಿನ ಭಾರದ ಗುಟ್ಟು ಬಿಚ್ಚಿದ್ದೂ ಅದೇ ಗುಂಪಿನಲ್ಲಿದ್ದ ನರ್ಸ್ ಒಬ್ಬರು. ಅದಕ್ಕೆ ಸ್ಲೀಪ್ ಪ್ಯಾರಾಲಿಸಿಸ್ ಅನ್ನುತ್ತಾರೆ. ಕನಸು ಬೀಳುವ ಹೊತ್ತಿನ ನಿದ್ದೆಯಲ್ಲಿ ಮೈ ಅಲ್ಲಾಡದ ಹಾಗೆ ಮಿದುಳೇ ಸ್ನಾಯುಗಳನ್ನು ಸಡಿಲ ಬಿಟ್ಟಿರುತ್ತದೆ. ಮನಸ್ಸು ಮೊದಲು ಎದ್ದು ಮೈ ಆಮೇಲೆ ಎದ್ದರೆ ಹೀಗಾಗುತ್ತದೆ. ನಿದ್ದೆಗೆಟ್ಟವರಿಗೆ, ಪಾಳಿ ಬದಲಾಗುವವರಿಗೆ, ಅಂಗಾತ ಮಲಗುವವರಿಗೆ ಜಾಸ್ತಿ. ಕೆಲವೇ ಹೊತ್ತಿನಲ್ಲಿ ತಾನೇ ಬಿಡುತ್ತದೆ. ಹಾಗಾದರೆ ಆತ್ಮಿಕ ಹೋರಾಟ ಸುಳ್ಳಾ? ನನಗೆ ಹಾಗನ್ನಿಸಲ್ಲ. ಮೈಗೆ ಆದದ್ದು ನಿದ್ದೆಯ ತೊಂದರೆ. ಅದನ್ನು ಹಿಡಿದುಕೊಂಡು "ದೇವರು ನಿನ್ನ ಕೈಬಿಟ್ಟ" ಅಂತ ಕಿವಿಯಲ್ಲಿ ಊದಿದ ಮಾತು ಬೇರೆ ಕಡೆಯಿಂದ ಬಂದದ್ದು. ಎರಡಕ್ಕೂ ಬೇರೆ ಬೇರೆ ಮದ್ದು. ಸತ್ತರೆ ಸಾಕು ಅಂತ ಮಲಗಿಬಿಟ್ಟ ಪ್ರವಾದಿ ಎಲೀಯನಿಗೆ ದೇವದೂತ ಮೊದಲು ಕೊಟ್ಟದ್ದು ರೊಟ್ಟಿ ಮತ್ತು ನೀರು. ಉಪದೇಶ ಅಲ್ಲ. ಅವನು ತಿಂದು ಮತ್ತೆ ಮಲಗಿದ.

ನನ್ನ ಲೆಕ್ಕದಲ್ಲಿ ಅಕ್ಕೋರ ಮನೆ ಮೊದಲು, ಅವ್ವನ ಬೈಬಲ್ ಅದರ ಬೆನ್ನಿಗೇ. ಒಂದಿಲ್ಲದೆ ಇನ್ನೊಂದು ಅರ್ಧವೇ. ಕೂಟಕ್ಕೆ ಹೋಗಲೇಬೇಡಿ ಅನ್ನಲ್ಲ. ಹಾಡು, ಸಾಕ್ಷಿ, ಜೊತೆಗೆ ಜನ ಬೇಕು ಅನ್ನಿಸಿದರೆ ಹೋಗಿ. ಗುಳಿಗೆ ಬಿಡು ಅಂದರೆ, ಬಾಗಿಲಲ್ಲಿ ಎಣ್ಣೆ ಮಾರಿದರೆ ಎದ್ದು ಬನ್ನಿ. ದಿನಗಟ್ಟಲೆ ನಿದ್ದೆಯಿಲ್ಲ, ಕಿವಿಯಲ್ಲಿ ದನಿ ಕೇಳುತ್ತದೆ, ಬದುಕೋದು ಬೇಡ ಅನ್ನಿಸುತ್ತದೆ ಅಂದರೆ ಪ್ರಾರ್ಥನೆಯ ಜೊತೆಗೇ ಡಾಕ್ಟರನ್ನೂ ನೋಡಿ. ಧಾರವಾಡದಲ್ಲೇ ಡಿಮ್ಹಾನ್ಸ್ ಮಾನಸಿಕ ಆರೋಗ್ಯ ಆಸ್ಪತ್ರೆ ಇದೆ. ಸರಕಾರದ ಟೆಲಿ-ಮಾನಸ್ ಸಹಾಯವಾಣಿ 14416ಕ್ಕೆ ಫೋನ್ ಮಾಡಿದರೆ ದುಡ್ಡಿಲ್ಲ. ಲೂಕನೂ ವೈದ್ಯನೇ ಅಲ್ವಾ.

ಈಗಲೂ ಒಮ್ಮೊಮ್ಮೆ ಮೈ ಕಟ್ಟುತ್ತದೆ. ಮೊದಲು ಕಾಲಿನ ಹೆಬ್ಬೆರಳು ಅಲ್ಲಾಡಿಸಲು ನೋಡುತ್ತೇನೆ, ಅದು ನರ್ಸ್ ಹೇಳಿಕೊಟ್ಟದ್ದು. ಮನಸ್ಸಲ್ಲಿ ಯೇಸುವಿನ ಹೆಸರು ಹೇಳುತ್ತೇನೆ. ಮೈ ಬಿಟ್ಟ ಮೇಲೆ ಲೈಟ್ ಹಚ್ಚಿ ರೋಮಾಪುರದವರಿಗೆ ಬರೆದ ಪತ್ರದ 8ನೇ ಅಧ್ಯಾಯದ ಕೊನೆಯ ವಚನಗಳನ್ನು ಜೋರಾಗಿ ಓದಿ, ಮಗ್ಗುಲಾಗಿ ಮಲಗುತ್ತೇನೆ. ಗುಂಪಿನಲ್ಲಿ ಆ ಪತ್ರ ಈಗಷ್ಟೇ ಶುರುವಾಗಿದೆ. ಅಕ್ಕೋರ ವೇಗ ನೋಡಿದರೆ 8ನೇ ಅಧ್ಯಾಯ ಮುಟ್ಟೋಕೆ ಕ್ರಿಸ್‌ಮಸ್ ದಾಟುತ್ತದೆ. ಶುಕ್ರವಾರ ರಾತ್ರಿ ಪಾಳಿ ಬೀಳದಿರಲಿ ಅಂತ ಸೂಪರ್‌ವೈಸರ್‌ಗೆ ಅರ್ಜಿ ಕೊಟ್ಟಿದ್ದೇನೆ.